ಯಾರಾದರೂ ಇರುತ್ತಾರಲ್ಲ

ನಮ್ಮ ಮನೆಯ ಪಡಸಾಲೆಯಲ್ಲಿ ತೂಗುಹಾಕಿರುವ ಕರ್ನಾಟಕದ ಭೂಪಟದ ಮೇಲೆ ಅಂಗೈಯಗಲದ ಒಂದು ಹಳದಿ ಕಲೆ ಇದೆ. ಅದು ಕೃಷ್ಣೆಯ ದಂಡೆಗುಂಟ ಶುರುವಾಗಿ, ಜಮಖಂಡಿಯನ್ನು ಪೂರ್ತಿ ನುಂಗಿ, ರಬಕವಿ-ಬನಹಟ್ಟಿಯನ್ನು ಸವರಿಕೊಂಡು, ಮುಧೋಳದ ಕಡೆ ಇಳಿದು, ಬೀಳಗಿಯ ಹತ್ತಿರ ಬರುವಷ್ಟರಲ್ಲಿ ತೆಳುವಾಗಿ ಇಂಗಿಹೋಗುತ್ತದೆ. ಮನೆಗೆ ಬಂದವರ ಕಣ್ಣಿಗೆ ಮೊದಲು ಬೀಳುವುದೇ ಅದು. ನೀರಾವರಿ ಇಲಾಖೆಯಲ್ಲಿದ್ದು ನಿವೃತ್ತರಾದ ನೆಂಟರೊಬ್ಬರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿ, 'ಇದು ನೀರು ಹರಿದ ಪ್ರದೇಶ ತೋರಸ್ತೈತೇನ್ರಿ?' ಎಂದು ಕೇಳಿದರು. ನಾನು ಒಂದರ್ಥದಲ್ಲಿ ಹೌದು ಎಂದೆ. ಅಡುಗೆಮನೆಯಿಂದ ನನ್ನ ಹೆಂಡತಿ, 'ನೀರಲ್ರಿ, ಉಚ್ಚಿ' ಎಂದು ಸತ್ಯವನ್ನು ಸಾರಿಬಿಟ್ಟಳು. ನೆಂಟರು ಚಹಾದ ಬಟ್ಟಲನ್ನು ಕೆಳಗಿಟ್ಟರು.

ಆ ಭೂಪಟವನ್ನು ಬಿಸಾಡಲು ನನಗೆ ಮನಸ್ಸು ಬರುತ್ತಿಲ್ಲ. ಕಾರಣ ಹೇಳುತ್ತೇನೆ, ಕೇಳಿ.

ನಾನು ಜಮಖಂಡಿಯ ಒಂದು ಕಾಲೇಜಿನಲ್ಲಿ ಭೂಗೋಳ ಪಾಠ ಮಾಡುವವನು. ಕಬ್ಬಿನ ಹಂಗಾಮು ಶುರುವಾದರೆ ನಮ್ಮ ಸೀಮೆಯ ರಸ್ತೆಗಳ ಚಹರೆಯೇ ಬದಲಾಗುತ್ತದೆ. ಎರಡೆರಡು ಟ್ರೇಲರು ಕಟ್ಟಿಕೊಂಡ ಟ್ರಾಕ್ಟರುಗಳು, ಅವು ಉದುರಿಸಿದ ಕಬ್ಬನ್ನು ಹೆಕ್ಕುವ ಮಕ್ಕಳು, ಬೀಳು ಹೊಲಗಳಲ್ಲಿ ರಾತ್ರೋರಾತ್ರಿ ಎದ್ದುನಿಲ್ಲುವ ತಾಡಪತ್ರಿಯ ಜೋಪಡಿಗಳು. ದೂರದ ಒಣ ಸೀಮೆಯಿಂದ ಕಬ್ಬು ಕಡಿಯಲು ಬರುವ ಗ್ಯಾಂಗುಗಳ ಬಿಡಾರಗಳು ಅವು. ಕಳೆದ ಚಳಿಗಾಲದಲ್ಲಿ ನಮ್ಮ ಕಾಲೇಜಿನ ನಾಲ್ಕೈದು ಗೆಳೆಯರು ಸೇರಿ, ಭಾನುವಾರ ಒಂದೊಂದು ಬಿಡಾರಕ್ಕೆ ಒಬ್ಬೊಬ್ಬರು ಹೋಗಿ ಅಲ್ಲಿಯ ಮಕ್ಕಳಿಗೆ ಓದುಬರಹ ಕಲಿಸೋಣ ಎಂದು ತೀರ್ಮಾನಿಸಿದೆವು. ನನ್ನ ಪಾಲಿಗೆ ಹಿಪ್ಪರಗಿ ರಸ್ತೆಯ ಬಿಡಾರ ಬಂತು.

ಮೊದಲ ಭಾನುವಾರ ಹೊರಡುವಾಗ ನನ್ನ ಬಗ್ಗೆ ನನಗೇ ಎಂಥ ಗೌರವ ಹುಟ್ಟಿತೆಂದರೆ, ಕನ್ನಡಿಯ ಮುಂದೆ ಎರಡು ನಿಮಿಷ ಹೆಚ್ಚೇ ನಿಂತೆ. ಹಳೆಯ ಅಂಗಿಯನ್ನೇ ಹಾಕಿಕೊಂಡೆ. ಬಡ ಮಕ್ಕಳ ಮುಂದೆ ಇಸ್ತ್ರಿ ಅಂಗಿ ಹಾಕಬಾರದೆಂಬ ಸೂಕ್ಷ್ಮ ನನ್ನದು. ಹೆಂಡತಿ, 'ಆ ಹಳೇ ಅಂಗಿಗೂ ಇಸ್ತ್ರಿ ಮಾಡೇನಿ ನಾನು' ಎಂದಳು.

ನನ್ನ ಬೈಕಿನ ಹಿಂದೆ ಚಾಪೆ, ಪಾಟಿ, ಬಳಪ, ಬಿಸ್ಕೀಟು, ಕರ್ನಾಟಕದ ಭೂಪಟ ಇದ್ದವು. ಜೊತೆಗೆ ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆದ ನಿಯಮಗಳೂ ಇದ್ದವು. ಹತ್ತು ಗಂಟೆಗೆ ಸರಿಯಾಗಿ ಬರಬೇಕು. ಕೈಕಾಲು ತೊಳೆದಿರಬೇಕು. ಗದ್ದಲ ಮಾಡಬಾರದು. ಓದಲು ಬಾರದ ಮಕ್ಕಳಿಗೆ ನಿಯಮಗಳನ್ನು ಬರೆದುಕೊಂಡು ಹೋದದ್ದು ಆಗ ನನಗೆ ಹೊಳೆಯಲಿಲ್ಲ. ಜೋಪಡಿಗಳ ಸಾಲಿನ ಕೊನೆಗೆ ಒಂದು ತಾಡಪತ್ರಿಯ ಮರೆ ಕಟ್ಟಿಸಿ, ಹಲಗೆ ಒರಗಿಸಿ, ಪಾಠ ಶುರು ಮಾಡಿದೆ.

ಆ ರಟ್ಟನ್ನು ಗಟ್ಟಿಯಾಗಿ ಓದಿದವಳು ಒಬ್ಬಳೇ. ಹತ್ತು ವರ್ಷದ ರೇಣುಕಾ. ಊರಲ್ಲಿ ಮೂರನೆಯ ಇಯತ್ತೆಯವರೆಗೆ ಓದಿ, ಗ್ಯಾಂಗಿನ ಜೊತೆ ಬಂದುಬಿಟ್ಟವಳು. ಅವಳ ಸೊಂಟದ ಮೇಲೆ ಒಂದೂವರೆ ವರ್ಷದ ತಂಗಿ ಭಾಗಿ ಸದಾ ಕೂತಿರುತ್ತಿತ್ತು. ರೇಣುಕಾ ಬಹಳ ಚುರುಕು. ಒಮ್ಮೆ ಹೇಳಿದ್ದನ್ನು ಎರಡನೆಯ ಸಲ ಕೇಳಿದವಳಲ್ಲ. ಭಾಗಿಯೂ ಚುರುಕೇ. ಅದು ಬಳಪ ತಿನ್ನುತ್ತಿತ್ತು, ಪಕ್ಕದವರ ಪಾಟಿಯನ್ನು ನೆಕ್ಕಿ ಒರೆಸುತ್ತಿತ್ತು, ನಾನು ಬೆನ್ನು ತಿರುಗಿಸಿದರೆ ನನ್ನ ಚಪ್ಪಲಿ ಹೊತ್ತುಕೊಂಡು ಹೋಗುತ್ತಿತ್ತು.

ಮೂರನೆಯ ಭಾನುವಾರ ನಾನು ಭೂಪಟವನ್ನು ನೆಲಕ್ಕೆ ಹಾಸಿ, ಮಕ್ಕಳನ್ನು ಸುತ್ತ ಕೂರಿಸಿ, ಕೃಷ್ಣೆ ಎಲ್ಲಿಂದ ಬರುತ್ತಾಳೆ, ಎಲ್ಲಿಗೆ ಹೋಗುತ್ತಾಳೆ ಎಂದು ಬೆರಳಾಡಿಸುತ್ತಿದ್ದೆ. ಭಾಗಿ ಸಾವಕಾಶ ತೆವಳಿಕೊಂಡು ಬಂದು ನಮ್ಮ ಜಿಲ್ಲೆಯ ಮೇಲೇ ಕೂತಿತು. ಮುಂದಿನದನ್ನು ಹೇಳಬೇಕಾಗಿಲ್ಲ. ಮಕ್ಕಳೆಲ್ಲ ಎದ್ದುನಿಂತು, 'ಸರ, ಹೊಳಿ ಬಂತ್ರಿ! ಹೊಳಿ ಬಂತು!' ಎಂದು ಕುಣಿದರು.

ಈಗ ನೆನೆದರೆ ನಗು ಬರುತ್ತದೆ. ಆವತ್ತು ಬರಲಿಲ್ಲ. ಪಾಠ ಕೆಟ್ಟಿತು, ಭೂಪಟ ಕೆಟ್ಟಿತು, ಎಲ್ಲಕ್ಕಿಂತ ಮುಖ್ಯವಾಗಿ ನನ್ನ ಗಾಂಭೀರ್ಯ ಕೆಟ್ಟಿತು. ರಟ್ಟಿನ ಮೇಲೆ ನಾಲ್ಕನೆಯ ನಿಯಮ ಬರೆದೆ. ಸಣ್ಣ ಕೂಸುಗಳನ್ನು ಕರೆತರಬಾರದು. ರೇಣುಕಾಳಿಂದಲೇ ಅದನ್ನು ಓದಿಸಿದೆ. ಅವಳು ಒಂದೂ ಅಕ್ಷರ ತಪ್ಪದೆ ಓದಿ, ತಂಗಿಯನ್ನು ಸೊಂಟಕ್ಕೇರಿಸಿಕೊಂಡು ಹೊರಟುಹೋದಳು.

ಮುಂದಿನ ಎರಡು ಭಾನುವಾರ ಅವಳು ಬರಲಿಲ್ಲ. ಉಳಿದವರು ಬಂದರೂ ಪಾಠ ಸಪ್ಪೆಯಾಯಿತು. ಒಂದು ಸಂಜೆ ಅವಳ ಜೋಪಡಿಗೇ ಹೋದೆ. ತಾಯಿ ಕಮಲವ್ವ ಆಗಷ್ಟೇ ಕಬ್ಬಿನ ಹೊಲದಿಂದ ಬಂದು, ಕಬ್ಬಿನ ಒಣಗಿದ ಎಲೆ, ರವದಿಯನ್ನು ಒಲೆಗೆ ತುರುಕುತ್ತ ರೊಟ್ಟಿ ಬಡಿಯುತ್ತಿದ್ದಳು. ಮುಂಗೈ ತುಂಬ ಕಬ್ಬಿನ ಎಲೆ ಗೀರಿದ ಗೆರೆಗಳು. ನಾನು ನಿಂತುಕೊಂಡೇ ಶಿಕ್ಷಣದ ಮಹತ್ವದ ಕುರಿತು ಮಾತಾಡಿದೆ.

'ರೇಣುಕಾ ಭಾಳ ಶಾಣ್ಯಾ ಹುಡುಗಿ ಅದಾಳ. ಆಕೀ ಭವಿಷ್ಯ ಹಾಳ ಮಾಡಬ್ಯಾಡ್ರಿ.'

'ನಾ ಎಲ್ಲಿ ಹಾಳ ಮಾಡಾಕತ್ತೇನ್ರಿ ಸರ? ನೀವ ಬರಬ್ಯಾಡ ಅಂದೀರಂತ.'

'ಆಕೀಗಲ್ರಿ, ಕೂಸಿಗೆ.'

'ಮತ್ತ ಕೂಸಿನ್ನ ಎಲ್ಲಿ ಇಡೂಣ್ರಿ?'

'ಯಾರರೆ ಇರತಾರಲ್ಲ ನೋಡಾಕ' ಎಂದೆ.

ಕಮಲವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ಆಮೇಲೆ ಜೋಪಡಿಗಳ ಸಾಲನ್ನು ನೋಡಿದಳು. ಆ ಸಾಲಿನಲ್ಲಿ ಎರಡು ಕೈ ನೆಟ್ಟಗಿದ್ದವರು ಯಾರೂ ಹಗಲು ಹೊತ್ತು ಉಳಿಯುತ್ತಿರಲಿಲ್ಲ. ಅದು ನನಗೂ ಗೊತ್ತಿತ್ತು. ಅವಳು ಮಾತ್ರ ವಾದಿಸಲಿಲ್ಲ. ಮನೆಗೆ ಬಂದವನ ಮಾತು ತೆಗೆದುಹಾಕಬಾರದೆಂಬ ಮರ್ಯಾದೆಯಿಂದ, 'ಇರತಾರ ತಗೋರಿ' ಎಂದು ಹಿಟ್ಟಿಗೆ ಕೈ ಹಾಕಿದಳು. ನಾನು ಗೆದ್ದೆನೆಂದುಕೊಂಡು ಬಂದೆ.

ನನ್ನ ಮಾತು ಫಲಿಸಿತು. ಆ ಭಾನುವಾರ ಹತ್ತಕ್ಕೆ ಸರಿಯಾಗಿ, ಕೈಕಾಲು ತೊಳೆದು, ಎಣ್ಣೆ ಹಚ್ಚಿ ಜಡೆ ಹಾಕಿಕೊಂಡು ರೇಣುಕಾ ಒಬ್ಬಳೇ ಬಂದು ಮುಂದೆ ಕೂತಳು. ನಾನು ಉಳಿದ ಮಕ್ಕಳಿಗೆ, 'ನೋಡ್ರಿ, ಹಿಂಗಿರಬೇಕು' ಎಂದೆ. ಕೂಸು ಎಲ್ಲಿದೆ ಎಂದು ಕೇಳಲಿಲ್ಲ. ಕೇಳಬೇಕೆಂದು ಅನಿಸಲೂ ಇಲ್ಲ. ಅವಳು ಪಾಟಿಯಿಂದ ತಲೆಯೆತ್ತಿ ಎತ್ತಿ ಹೊರಗೆ ನೋಡುತ್ತಿದ್ದಾಗ, 'ಲಕ್ಷ್ಯ ಎಲ್ಲೈತಿ ನಿಂದು?' ಎಂದು ಗದರಿದೆ. ತಲೆ ತಗ್ಗಿಸಿ ಬರೆದಳು. ಬಿಸ್ಕೀಟು ಹಂಚುವ ಹೊತ್ತಿಗೆ ತನ್ನ ಪಾಲನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಜೋಪಡಿಯ ಕಡೆ ಓಡಿದಳು.

ತಿರುಗಿ ಬಂದಾಗ ಬಿಸ್ಕೀಟು ಇನ್ನೂ ಅವಳ ಮುಷ್ಟಿಯಲ್ಲೇ ಇತ್ತು.

'ಸರ, ಭಾಗಿ ಇಲ್ರಿ.'

'ಎಲ್ಲಿ ಬಿಟ್ಟಿದ್ದಿ?'

'ಕಂಬಕ್ಕ ಕಟ್ಟಿದ್ದೇನ್ರಿ. ಅವ್ವನ ಸೀರಿಲೆ. ಗಂಟ ಬಿಚ್ಚೇತ್ರಿ.'

ಜೋಪಡಿಯ ಕಂಬಕ್ಕೆ ಹಳೆಯ ಸೀರೆಯ ಒಂದು ತುದಿ ಬಿಗಿಯಾಗಿತ್ತು. ಇನ್ನೊಂದು ತುದಿ ಮಣ್ಣಿನಲ್ಲಿ ಬಿದ್ದಿತ್ತು. ಅದರ ಪಕ್ಕ ಒಂದು ಡಬ್ಬಿಯ ಮುಚ್ಚಳ, ಸಿಪ್ಪೆ ಸುಲಿದ ಕಬ್ಬಿನ ತುಂಡು. ಆಟಕ್ಕೆ, ಹಸಿವೆಗೆ, ಹತ್ತು ವರ್ಷದ ಹುಡುಗಿಗೆ ಹೊಳೆದಷ್ಟು ಏರ್ಪಾಟು.

ಬಿಡಾರದ ಒಂದು ಬದಿಗೆ ಆಳೆತ್ತರದ ಕಬ್ಬು, ಇನ್ನೊಂದು ಬದಿಗೆ ರಸ್ತೆ, ಹಿಂದೆ ಕಾಲುವೆ. ದೊಡ್ಡ ಹುಡುಗರನ್ನು ರಸ್ತೆಯ ಕಡೆ ಓಡಿಸಿ ನಾನು ಕಬ್ಬಿನೊಳಗೆ ನುಗ್ಗಿದೆ. ಇಪ್ಪತ್ತು ವರ್ಷ ಈ ಬೆಳೆಯ ಮೇಲೆ ಪಾಠ ಮಾಡಿದವನಿಗೆ ಅದರ ಎಲೆ ಎಷ್ಟು ಹರಿತವೆಂದು ತಿಳಿದಿರಲಿಲ್ಲ. ಹತ್ತು ಹೆಜ್ಜೆಯೊಳಗೆ ಮುಖ, ಕೈಯೆಲ್ಲ ಉರಿಯತೊಡಗಿದವು. 'ಭಾಗೀ, ಭಾಗೀ' ಎಂದು ಕಿರಿಚಿದೆ. ಕಬ್ಬು ಸರಸರ ಎಂದಿತು, ಅಷ್ಟೇ. ಹೊರಬಂದು ಕಾಲುವೆಯ ಏರಿ ಹತ್ತಿದೆ. ನೀರು ದಡದ ಸಮ, ಸದ್ದಿಲ್ಲದೆ, ಬಲು ವೇಗವಾಗಿ ಹರಿಯುತ್ತಿತ್ತು. ಹೊಳೆಸಾಲಿನವನಾಗಿಯೂ ಈಜು ಬಾರದವನು ನಾನು. ಸಣ್ಣವನಿದ್ದಾಗ ನೀರಿನ ಹತ್ತಿರ ಹೋಗಗೊಡದಷ್ಟು ಜನ ನನ್ನನ್ನು ಕಾಯುತ್ತಿದ್ದರು. ಆ ನೀರನ್ನು ನೋಡುತ್ತ ನಿಂತ ಗಳಿಗೆಯನ್ನು ನಾನು ಬರೆಯಲಾರೆ. ದೇವರಲ್ಲಿ ಏನು ಬೇಡಿಕೊಂಡೆನೋ ನೆನಪಿಲ್ಲ. ಬೇಡಿಕೊಳ್ಳುವ ಮುಖ ನನಗಿಲ್ಲ ಎಂದು ಅನಿಸಿದ್ದು ಮಾತ್ರ ನೆನಪಿದೆ.

ಯಾರೋ ಹುಡುಗ ಹೊಲಕ್ಕೆ ಸುದ್ದಿ ಮುಟ್ಟಿಸಿದ್ದ. ಕಮಲವ್ವ ಕಬ್ಬು ಕಡಿಯುವ ಕೊಯ್ತವನ್ನು ಕೈಯಲ್ಲಿ ಹಿಡಿದೇ ಓಡಿಬಂದಳು. ಅವಳ ಹಿಂದೆ ಗ್ಯಾಂಗಿನ ಹತ್ತಾರು ಜನ. ನಾನು ಅವಳ ಮುಂದೆ ಹೋಗಿ, 'ತಪ್ಪು ನಂದ್ರಿ, ನಾನ...' ಎಂದು ಶುರು ಮಾಡಿದೆ. ಅವಳಿಗೆ ನನ್ನ ತಪ್ಪು ಬೇಕಿರಲಿಲ್ಲ, ಕೂಸು ಬೇಕಿತ್ತು. ಎಲ್ಲರೂ ಒಂದೇ ಸಮನೆ ಕೂಗುತ್ತಿದ್ದರು. ಅವಳು ಕೈಯೆತ್ತಿ ಒಂದೇ ಮಾತು ಹೇಳಿದಳು.

'ಎಲ್ಲಾರೂ ಬಾಯಿ ಮುಚ್ರಿ. ಅಂಜೇತಿ ಅದು. ರೇಣಿ, ನೀ ಕರಿ.'

ಬಿಡಾರ ಸುಮ್ಮನಾಯಿತು. ರೇಣುಕಾ ಅಳು ನುಂಗಿಕೊಂಡು, ನಾಲಿಗೆಯನ್ನು ಅಂಗುಳಕ್ಕೆ ತಾಗಿಸಿ ಟಕ್ ಟಕ್ ಟಕ್ ಎಂದು ಸದ್ದು ಮಾಡಿದಳು. ತಂಗಿಯನ್ನು ಊಟಕ್ಕೆ ಕರೆಯುವ ಸದ್ದಂತೆ ಅದು. ಮಾಡುತ್ತ ಜೋಪಡಿಗಳ ಸಾಲಿನಲ್ಲಿ ನಡೆದಳು. ನಾವೆಲ್ಲ ಉಸಿರು ಹಿಡಿದು ಹಿಂದೆ ಹಿಂದೆ. ಸಾಲು ಮುಗಿಯಿತು. ಉಳಿದದ್ದು ನನ್ನ ಪಾಠದ ತಾಡಪತ್ರಿ ಒಂದೇ. ಅದರ ಹಿಂಬದಿಗೆ ಎತ್ತುಗಳಿಗೆಂದು ಒಟ್ಟಿದ ಹಸಿ ಸೋಗೆಯ ರಾಶಿಯಿತ್ತು. ರೇಣುಕಾ ಇನ್ನೊಮ್ಮೆ ಟಕ್ ಟಕ್ ಎಂದಳು. ಸೋಗೆ ಅಲುಗಾಡಿತು. ಅದರೊಳಗಿಂದ, ನಿದ್ದೆ ಕೆಟ್ಟ ಸಿಟ್ಟಿನಲ್ಲಿ, 'ಊಂ' ಎಂಬ ದನಿ ಬಂತು.

ಗಂಟು ಬಿಚ್ಚಿಕೊಂಡ ಭಾಗಿ ಕಬ್ಬಿಗೂ ಹೋಗಿರಲಿಲ್ಲ, ಕಾಲುವೆಗೂ ಹೋಗಿರಲಿಲ್ಲ. ಅಕ್ಕನ ದನಿ ಕೇಳಿದ ಕಡೆ ಬಂದಿತ್ತು. ರೇಣುಕಾ ಒಳಗೆ ಕೂತು ಓದುತ್ತಿದ್ದಾಗ, ತಾಡಪತ್ರಿಯ ಆಚೆ, ಅವಳ ಬೆನ್ನಿಗೆ ಮೊಳದಷ್ಟು ದೂರದಲ್ಲಿ, ಸೋಗೆಯಲ್ಲಿ ಹುದುಗಿ ನಿದ್ದೆ ಹೋಗಿತ್ತು.

ನಾನು ಅಲ್ಲೇ ನೆಲದ ಮೇಲೆ ಕೂತೆ. ಕಮಲವ್ವ ಕೂಸನ್ನು ಎದೆಗವಚಿ ಅದರ ಕಿವಿ, ಮೂಗು, ಕಾಲ್ಬೆರಳು ಎಲ್ಲ ಮುಟ್ಟಿ ಮುಟ್ಟಿ ನೋಡಿದಳು. ಆಮೇಲೆ ರೇಣುಕಾಳ ಕಡೆ ತಿರುಗಿ ಕೈಯೆತ್ತಿದಳು. ನಾನು ಹೇಗೆ ಎದ್ದೆನೋ, ನಡುವೆ ನಿಂತಿದ್ದೆ.

'ಆಕೀಗೆ ಬ್ಯಾಡ್ರಿ. ಹೊಡಿಯೂದಿದ್ರ ನನಗ ಹೊಡೀರಿ.'

ಎತ್ತಿದ ಕೈ ಹಾಗೇ ನಿಂತಿತು. ಗೀರಿದ ಮುಖ, ಕೂದಲ ತುಂಬ ಕಬ್ಬಿನ ದೂಳು, ಒಂದೇ ಚಪ್ಪಲಿ. ನನ್ನ ಅವತಾರವನ್ನು ಮೇಲಿಂದ ಕೆಳಗೆ ನೋಡಿ ಅವಳಿಗೆ ಅಳುವೋ ನಗುವೋ ಎರಡೂ ಕೂಡಿ ಬಂದವು. 'ಸರಗೋಳಿಗೆ ಹೊಡಿಯಾಕ ಬರತೈತೇನ್ರಿ?' ಎಂದಳು. ಅಷ್ಟರಲ್ಲಿ ಹೊಲದ ಕಡೆಯಿಂದ ಟ್ರಾಕ್ಟರು ಹಾರ್ನು ಬಾರಿಸಿತು. ಲೋಡು ಅರ್ಧಕ್ಕೆ ನಿಂತಿತ್ತು. ಕಮಲವ್ವ ಸೆರಗಿನಿಂದ ಮುಖ ಒರೆಸಿಕೊಂಡು ಭಾಗಿಯನ್ನು ನನ್ನ ಕೈಗಿಟ್ಟಳು.

'ಯಾರರೆ ಇರತಾರ ಅಂದಿದ್ರೆಲ್ಲ. ಹಿಡೀರಿ. ನಾ ಸಂಜೀಕ ಬರತೇನಿ.'

ಅವಳ ಮಾತಿನಲ್ಲಿ ಚುಚ್ಚು ಇರಲಿಲ್ಲ. ನಿಜಕ್ಕೂ ಆಗ ಕೂಸು ಹಿಡಿಯಲು ಬಿಡುವಿದ್ದವನು ಅಲ್ಲಿ ನಾನೊಬ್ಬನೇ. ಸಂಜೆಯವರೆಗೂ ಹಿಡಿದೆ. ರೇಣುಕಾಳಿಂದ ರಟ್ಟಿನ ನಾಲ್ಕನೆಯ ನಿಯಮವನ್ನು ಅಳಿಸಿಸಿದೆ. ಅವಳು ಉಗುಳು ಹಚ್ಚಿ ಉಜ್ಜಿ ಉಜ್ಜಿ, ಜೋರಿನಲ್ಲಿ ಮೂರನೆಯದನ್ನೂ ಅಳಿಸಿದಳು.

ಮುಂದಿನ ಭಾನುವಾರದಿಂದ ನಮ್ಮ ಶಾಲೆಗೆ ಏಳು ಕೂಸುಗಳು ಬಂದವು. ಗದ್ದಲವೋ ಗದ್ದಲ. ಭಾಗಿ ನನ್ನ ಬಲ ಸೊಂಟದ ಮೇಲೆ ಕೂತು ನನ್ನ ಕನ್ನಡಕ ಎಳೆಯುತ್ತಿತ್ತು. ನನಗೆ ಹಲಗೆಯ ಮೇಲೆ ಒಂದಕ್ಷರ ಬರೆಯಲಾಗುತ್ತಿರಲಿಲ್ಲ. ಎಡಗೈಯಲ್ಲಿ ಬರೆದ 'ಕ'ಕಾರ ನೋಡಿ ಮಕ್ಕಳು ಅದು ಕೋಳಿಯ ಚಿತ್ರವೆಂದು ತಿಳಿದರು. ಆದರೂ ಕಲಿತರು. ಶಿವರಾತ್ರಿ ಕಳೆದು, ಕಬ್ಬು ಮುಗಿದು ಗ್ಯಾಂಗು ಊರಿಗೆ ಹೊರಡುವಾಗ ರೇಣುಕಾ ನಾಲ್ಕನೆಯ ಇಯತ್ತೆಯ ಪುಸ್ತಕವನ್ನು ಸರಾಗವಾಗಿ ಓದುತ್ತಿದ್ದಳು. ಊರ ಶಾಲೆಯ ಗುರುಗಳಿಗೆಂದು ನಾನು ಬರೆದುಕೊಟ್ಟ ಚೀಟಿಯನ್ನು ಟ್ರಕ್ಕಿನ ಮೇಲೆ ನಿಂತೇ ಓದಿ, 'ಸರ, ಇದರಾಗ ಒಂದು ಒತ್ತು ತಪ್ಪೈತ್ರಿ' ಎಂದಳು. ತಪ್ಪಿತ್ತು.

ಆದರೆ ನಾನು ಹೇಳಬೇಕೆಂದಿರುವ ಇನ್ನೊಂದು ಸಂಗತಿ ಅದಕ್ಕೂ ಮೊದಲಿನದು. ಕೂಸು ಸಿಕ್ಕ ದಿನ ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಅವಳು ನನ್ನ ಕೈಗೆ ಕೊಬ್ಬರಿ ಎಣ್ಣೆ ಹಚ್ಚುತ್ತ ಕೇಳಿದಳು: 'ನಿಮ್ಮವ್ವ ಸಾಲಿ ಕಲಸಾಕ ಹೋಗತಿದ್ರಲ್ಲ, ಆವಾಗ ನಿಮ್ಮನ್ನ ಯಾರು ನೋಡಕೋತಿದ್ರು?'

'ಯಾರೋ ಇದ್ರು' ಎಂದೆ. ಅಂದ ಮೇಲೆ ನನಗೇ ನಾಚಿಕೆಯಾಯಿತು.

ನನ್ನ ತಾಯಿ ಪ್ರಾಥಮಿಕ ಶಾಲೆಯ ಮಾಸ್ತರಿಣಿ. ಅವಳು ತೀರಿಕೊಂಡು ಬಹಳ ವರ್ಷಗಳಾದವು. ಹಳೆಯ ಅಲ್ಬಮ್ಮಿನಲ್ಲಿ ನನ್ನ ಮೊದಲ ಫೋಟೋ ಇದೆ. ಉಣ್ಣೆಯ ಟೊಪ್ಪಿಗೆ ಹಾಕಿಕೊಂಡು ದುಂಡಗೆ ಕೂತಿದ್ದೇನೆ. ಬೀಳದಂತೆ ಎರಡು ಸಣ್ಣ ಕೈಗಳು ಹಿಂದಿನಿಂದ ನನ್ನನ್ನು ಹಿಡಿದಿವೆ. ಕೈಗಳಲ್ಲಿ ಗಾಜಿನ ಬಳೆ. ಉಳಿದದ್ದು ಫೋಟೋದ ಹೊರಗೆ. ಐವತ್ತು ವರ್ಷ ಆ ಫೋಟೋ ನೋಡಿದ್ದೇನೆ, ಆ ಕೈ ಯಾರದೆಂದು ಕೇಳಿರಲಿಲ್ಲ. ಮರುದಿನ ಚಿಕ್ಕಮ್ಮನಿಗೆ, ಅಂದರೆ ನಮ್ಮ ಕಾಕುವಿಗೆ, ಫೋನು ಮಾಡಿ ಕೇಳಿದೆ. 'ಅಕಿ ಯಲ್ಲವ್ವ ಅಲ್ಲೇನೋ? ಕುರಿಯವರ ಮನಿ ಹುಡುಗಿ. ನಿನ್ನ ಹೊತ್ತು ಹೊತ್ತು ಅಕಿ ಸೊಂಟ ಓರಿ ಆಗಿತ್ತು. ಗಲಗಲಿಗೆ ಕೊಟ್ಟಾರ ಅಕಿನ್ನ' ಎಂದಳು ಕಾಕು.

ಎರಡು ಭಾನುವಾರ ಕಳೆದ ಮೇಲೆ ಗಲಗಲಿಗೆ ಬಸ್ಸಿನಲ್ಲಿ ಹೋದೆ. ಬೈಕಿನಲ್ಲಿ ಹೋದರೆ ಕ್ಷಮೆ ಕೇಳುವ ಮಾತುಗಳನ್ನು ದಾರಿಯಲ್ಲಿ ಜೋಡಿಸಿಕೊಳ್ಳಲು ಆಗುವುದಿಲ್ಲವಲ್ಲ. ಬಸ್ ನಿಲ್ಲುವಲ್ಲೇ ಅವಳ ಮನೆ. ಗೋಡೆಗೆ ಬೀರೇಶ್ವರನ ಸೇವೆಯ ಡೊಳ್ಳು ತೂಗುಹಾಕಿತ್ತು. ಕಟ್ಟೆಯ ಮೇಲೆ ಮೊರ ಮಡಿಲಲ್ಲಿಟ್ಟುಕೊಂಡು ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದ ಅರವತ್ತರ ಹೆಂಗಸು ನನ್ನ ಹೆಸರು, ತಾಯಿಯ ಹೆಸರು ಕೇಳಿದ್ದೇ, 'ಬಾಬೂ! ಏ ಎಷ್ಟು ಬೋಳ ಆಗೀಯೋ!' ಎಂದು ಕೂಗಿದಳು.

ನಾನು ಜೋಡಿಸಿದ್ದನ್ನು ಹೇಳಿದೆ. ನನ್ನ ಸಲುವಾಗಿ ನಿನಗೆ ಸಾಲಿ ತಪ್ಪಿತು ಎಂದೆ. ಅವಳು ಬೆಳ್ಳುಳ್ಳಿ ಬಿಡಿಸುತ್ತಲೇ ಕೇಳಿದಳು.

'ನಿನ್ನ ಸಲುವಾಗಿ ಹೆಂಗೋ? ನೀ ಕೂಸು. ನಿನಗೇನ ತಿಳೀತಿತ್ತು?'

'ನಿನಗ ಕಲೀಬೇಕಂತ ಇತ್ತಿಲ್ಲೋ?'

'ಇತ್ತು' ಎಂದಳು. ಸ್ವಲ್ಪ ಹೊತ್ತು ಬೆರಳು ನಿಂತವು.

ಆಮೇಲೆ ಅವಳೇ ಮಾತು ತೆಗೆದಳು. ನನಗೆ ಹಾಲೂಡಿಸಲು ಅನುಕೂಲವಾಗಲೆಂದು ತಾಯಿ ಇಬ್ಬರನ್ನೂ ಶಾಲೆಗೆ ಕರೆದೊಯ್ಯುತ್ತಿದ್ದಳಂತೆ. ತಾಯಿ ಒಳಗೆ ಕಲಿಸುವುದು, ಇವಳು ನನ್ನನ್ನು ಎತ್ತಿಕೊಂಡು ಕಿಟಕಿಯ ಹೊರಗೆ ನಿಲ್ಲುವುದು.

'ನಿನ್ನ ಎಡಗಡೆ ಕುಂಡ್ರಸ್ಕೊಂಡು ಬಲಗೈಲೆ ಗ್ವಾಡಿ ಮ್ಯಾಲೆ ಇದ್ದಿಲಿ ಹಿಡದು ಬರೀತಿದ್ದೆ. ನಿಮ್ಮವ್ವ ಒಮ್ಮೊಮ್ಮೆ ಕಿಟಕಿ ಕಡೆ ನೋಡಿ ಜೋರಾಗಿ ಹೇಳವರು. ನನ್ನ ಸಲುವಾಗೇ ಏನೋ ಅನಸ್ತಿತ್ತು. ಒಳಗ ಬಾ ಅಂತ ಮಾತ್ರ ಅನಲಿಲ್ಲ.'

'ಎಲ್ಲಿ ತನಕ ಕಲ್ತಿ?'

'ಟ ಠ ಡ ಢ ಣ. ಅಲ್ಲಿಗೆ ನೀ ನಡಿಯಾಕ ಕಲ್ತಿ. ಮತ್ತ ನನ್ನ ಯಾಕ ಕರಕೊಂಡ ಹೋಗತಾರ? ಅಪ್ಪ ಕುರಿ ಹಿಂದ ಕಳಿಸಿದ.'

ನನ್ನ ಜೇಬಿನಲ್ಲಿ ಬಳಪದ ತುಂಡಿತ್ತು. ಏನು ಮಾಡುತ್ತಿದ್ದೇನೆಂದು ಯೋಚಿಸದೆ, ಬಗ್ಗಿ ಕಟ್ಟೆಯ ಕಲ್ಲಿನ ಮೇಲೆ ದೊಡ್ಡದಾಗಿ 'ತ' ಎಂದು ಬರೆದೆ. ಯಲ್ಲವ್ವ ಅದನ್ನು ನೋಡಿ, ನನ್ನ ಒದ್ದೆ ಕಣ್ಣು ನೋಡಿ, ಮೊರ ಅಲುಗುವಂತೆ ನಕ್ಕಳು.

'ತ! ನೀ ಬಂದು ಇದನ್ನ ಕಲಸ್ತೀ ಅಂತ ಇಷ್ಟು ವರ್ಷ ದಾರಿ ಕಾಯಕೋತ ಕುಂತಿದ್ನೇನೋ? ಕಂಬಳಿ ಮಾರಾಕ ಮುಧೋಳ ಸಂತಿಗೆ ಹೋಗಬೇಕಿತ್ತು. ಬೋರ್ಡ ಓದಾಕ ಬರದಿದ್ರ ಬೀಳಗಿ ಬಸ್ ಹತ್ತಿ ಕುಂಡ್ರೂದು. ಎರಡ ಸರ್ತಿ ಹಂಗ ಆತು. ಕಂಡಕ್ಟರಗ ಕೇಳಿ ಕೇಳಿ ಉಳಿದದ್ದ ಎಲ್ಲಾ ಕಲ್ತೆ. ಮೊಮ್ಮಗಳಿಗೆ ಈಗ ನಾನ ಕಲಸ್ತೇನಿ.'

ಎಷ್ಟೋ ದಿನಗಳಿಂದ ಎದೆಯಲ್ಲಿ ಒತ್ತಿಕೊಂಡಿದ್ದುದು ಆ ನಗೆಗೆ ಸಡಿಲಾಯಿತು. ನನ್ನ ಮೇಲಿನ ಆಪಾದನೆ ಬಿದ್ದುಹೋಗಿರಲಿಲ್ಲ. ಆ 'ಇತ್ತು' ಎಂಬ ಮಾತು ಹಾಗೇ ಇತ್ತು, ಈಗಲೂ ಇದೆ. ಆದರೆ ಅವಳ ಬದುಕು ಆ ಕಿಟಕಿಯ ಹೊರಗೇ ನಿಂತುಬಿಟ್ಟಿದೆಯೆಂದು ತಿಳಿದು ಮರುಗುತ್ತಿದ್ದವನು ನಾನೊಬ್ಬನೇ. ಅವಳು ಎಂದೋ ಅಲ್ಲಿಂದ ಹೊರಟು ಸಂತೆ, ಬಸ್ಸು, ಮಕ್ಕಳು, ಮೊಮ್ಮಕ್ಕಳನ್ನೆಲ್ಲ ಸುತ್ತಿ ಮುಂದಕ್ಕೆ ಹೋಗಿದ್ದಳು.

ರೇಣುಕಾಳ ಸುದ್ದಿ ಹೇಳಿದೆ. ಅವಳು ಬೆಳ್ಳುಳ್ಳಿ ಬದಿಗಿಟ್ಟು ಕೇಳಿಸಿಕೊಂಡಳು.

'ಈಗ ಕೂಸಿನ್ನ ಎತ್ತಿಕೊಳ್ಳವರು ಯಾರು?'

'ನಾನ.'

'ಯಾವ ಕಡೆ ಎತ್ತಕೋತಿ?'

'ಬಲಕ.'

'ಥೂ ಹುಚ್ಚಾ. ಎಡಕ ಕುಂಡ್ರಸ್ಕೋ. ಬರಿಯೋ ಕೈ ಖಾಲಿ ಇರಬೇಕು.' ಎದ್ದುನಿಂತು, ಇಲ್ಲದ ಕೂಸನ್ನು ಎಡ ಸೊಂಟಕ್ಕೇರಿಸಿಕೊಂಡು, ಗಾಳಿಯಲ್ಲಿ ಬರೆದು ತೋರಿಸಿದಳು. ನನ್ನಿಂದಲೂ ಎರಡು ಸಲ ಮಾಡಿಸಿದಳು.

ರೊಟ್ಟಿ, ಬದನೆಕಾಯಿ ಪಲ್ಯ ಉಣ್ಣಿಸಿ ಕಳಿಸಲು ರಸ್ತೆಯವರೆಗೆ ಬಂದಳು. ಇಳಿಬಿಸಿಲು. ಎರಡು ಬಸ್ಸುಗಳು ಒಂದರ ಹಿಂದೊಂದು ದೂಳೆಬ್ಬಿಸಿಕೊಂಡು ಬಂದವು. ನನ್ನ ಕನ್ನಡಕ ಮಂಜಾಗಿತ್ತು. ತೆಗೆದು ಒರೆಸಿಕೊಳ್ಳುತ್ತ ನಿಂತೆ. ಯಲ್ಲವ್ವ ಹುಬ್ಬಿಗೆ ಕೈ ಅಡ್ಡ ಹಿಡಿದು ದೂರದಿಂದಲೇ ಓದಿದಳು.

'ಮುಂದಿಂದು ಮುಧೋಳ. ಹಿಂದಿಂದು ಜಮಖಂಡಿ. ಓಡು ಬಾಬು, ಅದ ನಿಂದು.'

ನಾನು ಓಡಿದೆ.